ಚಳ್ಳಕೆರೆಗೆ ಸೂಪರ್, ತೀರ್ಥಹಳ್ಳಿಗೆ ರಾಕ್

ಮುಂಗಾರಿಗೆ ಮುಂಚೆ ಭಾವ ತೀರ್ಥಹಳ್ಳಿಯಿಂದ ಬಂದಿದ್ದರು. ಕೈಯಲ್ಲಿ ಅಡಿಕೆ ತೋಟದ ಮಣ್ಣು ಪರೀಕ್ಷೆ ವರದಿ ಇತ್ತು. ಚಳ್ಳಕೆರೆ ಹತ್ತಿರದ ನಮ್ಮ ಶೇಂಗಾ ಹೊಲದ್ದೂ ಆಗಲೇ ಬಂದಿತ್ತು. ಯಾವ ಗೊಬ್ಬರ ತರಬೇಕು ಅಂತ ನೋಡಲು ಎರಡನ್ನೂ ಪಕ್ಕಪಕ್ಕ ಇಟ್ಟು ಕೂತೆವು.

"ನಿಮ್ಮ ಹೊಲದಲ್ಲಿ ರಂಜಕ 38, ನಮ್ಮಲ್ಲಿ 16. ಇಬ್ಬರೂ ಡಿಎಪಿ ಗೊಬ್ಬರ ತಂದುಬಿಡೋಣ, ನಾನು ಒಂದೆರಡು ಚೀಲ ಜಾಸ್ತಿ ಹಾಕ್ತೀನಿ" ಅಂದರು ಭಾವ.

"ಭಾವ, ಆ ಎರಡು ಅಂಕಿ ಹಾಗೆ ಹೋಲಿಸೋಕೆ ಬರಲ್ಲ" ಅಂದೆ. ನಮ್ಮ ಮಣ್ಣಿನ ರಸಸಾರ (ಪಿಎಚ್) 7.6. ಅಂಥ ಮಣ್ಣಿನ ರಂಜಕವನ್ನು ಓಲ್ಸನ್ ವಿಧಾನದಲ್ಲಿ ಅಳೆಯುತ್ತಾರೆ. ಅವರದು 5.2, ಹುಳಿ ಮಣ್ಣು. ಅದಕ್ಕೆ ಬ್ರೇ ವಿಧಾನ. ಮಣ್ಣಿನಿಂದ ರಂಜಕ ತೆಗೆಯುವ ದ್ರಾವಣವೇ ಬೇರೆ. ಹಾಗಾಗಿ ಕಮ್ಮಿಯೋ ಸಾಧಾರಣವೋ ಅನ್ನುವುದನ್ನು ಆಯಾ ವಿಧಾನದ ಪಟ್ಟಿಯಲ್ಲೇ ನೋಡಬೇಕು.

ನಮ್ಮದು ಸಾಧಾರಣ ಅಂತ ಬಂದಿತ್ತು. ನನ್ನ ಕಣ್ಣು ಹೋದದ್ದು ಗಂಧಕದ ಸಾಲಿಗೆ. ಅಲ್ಲಿ ಕೊರತೆ ಅಂತ ಇತ್ತು. ಶೇಂಗಾ ಎಣ್ಣೆಕಾಳು, ಅದಕ್ಕೆ ಗಂಧಕ ಬೇಕೇ ಬೇಕು. ಕಾಯಿ ಗಟ್ಟಿಯಾಗಲು ಸುಣ್ಣದಂಶವೂ ಬೇಕು. ಡಿಎಪಿ ಚೀಲದಲ್ಲಿ 23 ಕೆ.ಜಿ. ರಂಜಕ, 9 ಕೆ.ಜಿ. ಸಾರಜನಕ, ಅಷ್ಟೇ. ಸೂಪರ್ ಫಾಸ್ಫೇಟ್ ಚೀಲದಲ್ಲಿ ರಂಜಕ 8 ಕೆ.ಜಿ. ಮಾತ್ರ, ಆದರೆ ಜೊತೆಗೆ ಐದೂವರೆ ಕೆ.ಜಿ. ಗಂಧಕ, ಸುಣ್ಣದಂಶ ಬೇರೆ. ಎಕರೆಗೆ 20 ಕೆ.ಜಿ. ರಂಜಕಕ್ಕೆ ಎರಡೂವರೆ ಚೀಲ ಸೂಪರ್, ಸಾರಜನಕಕ್ಕೆ ಅರ್ಧ ಚೀಲ ಯೂರಿಯಾ ಅಂತ ಬರೆದುಕೊಂಡೆ. ಚೀಲ ಹೊರುವ ಕೆಲಸ ಜಾಸ್ತಿ, ನಿಜ. ಆದರೂ ನಮ್ಮ ಹೊಲಕ್ಕೆ ಇದೇ ಸರಿ.

ಭಾವನ ತೋಟದ ಲೆಕ್ಕವೇ ಬೇರೆ. ಹುಳಿ ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಎರಡೂ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ನೀರಿನಲ್ಲಿ ಬೇಗ ಕರಗುವ ಡಿಎಪಿಯ ರಂಜಕ ಬೇರಿಗೆ ಸಿಗುವ ಮೊದಲೇ ಎಷ್ಟೋ ಪಾಲು ಅಲ್ಲೇ ಸಿಕ್ಕಿಕೊಳ್ಳುತ್ತದೆ. ರಾಕ್ ಫಾಸ್ಫೇಟ್, ಅಂದರೆ ರಂಜಕ ಇರುವ ಕಲ್ಲಿನ ಪುಡಿ, ಹಾಗಲ್ಲ, ಮಣ್ಣಿನ ಹುಳಿಯೇ ಅದನ್ನು ನಿಧಾನಕ್ಕೆ ಕರಗಿಸುತ್ತದೆ. ಅಡಿಕೆ ವರ್ಷಾನುಗಟ್ಟಲೆ ನಿಲ್ಲುವ ಮರ ಅಲ್ವಾ, ಅದಕ್ಕೆ ಈ ನಿಧಾನ ಒಗ್ಗುತ್ತದೆ. ಮರಕ್ಕೆ ವರ್ಷಕ್ಕೆ 40 ಗ್ರಾಂ ರಂಜಕ ಅಂದರೆ 200 ಗ್ರಾಂ ರಾಕ್ ಸಾಕು. ಅದೇ ರಾಕ್ ನಮ್ಮ ಶೇಂಗಾ ಹೊಲಕ್ಕೆ ಹಾಕಿದರೆ ಬೆಳೆ ಮುಗಿಯುವವರೆಗೂ ಸರಿಯಾಗಿ ಕರಗುವುದಿಲ್ಲ.

"ಹಾಗಾದ್ರೆ ಸುಣ್ಣ? ಈ ಸಲ ಹಾಕೋಣ ಅಂತಿದ್ದೆ" ಅಂದರು ಭಾವ. ಒಳ್ಳೇ ಪ್ರಶ್ನೆ. ಸುಣ್ಣ ಹುಳಿ ಇಳಿಸುತ್ತದೆ, ಹುಳಿ ಇಳಿದರೆ ರಾಕ್ ಕರಗುವುದೂ ಕಮ್ಮಿಯಾಗುತ್ತದೆ. ಎರಡನ್ನೂ ಒಟ್ಟಿಗೆ ಹಾಕುವುದು ಬೇಡ ಅಂತ ತೀರ್ಮಾನಿಸಿದೆವು. ಮಳೆ ಹಿಡಿದ ಮೇಲೆ ಮೊದಲು ರಾಕ್. ಸುಣ್ಣ ಯಾವಾಗ, ಎಷ್ಟು ಅನ್ನುವುದನ್ನು ಮಣ್ಣು ಪರೀಕ್ಷೆ ಮಾಡಿದವರ ಹತ್ತಿರವೇ ಕೇಳುತ್ತೇನೆ ಅಂತ ಭಾವ ವರದಿಯ ಹಿಂದೆ ಬರೆದುಕೊಂಡರು.