ಎಕ್ಸ್‌ಟ್ರಾ ಕೆಲಸದ ರೊಕ್ಕ ಹೆಂಗ ವಸೂಲಿ ಮಾಡ್ತೀರಿ?

ಹುಬ್ಬಳ್ಳಿ-ಧಾರವಾಡದಲ್ಲಿ ಹೊಸದಾಗಿ ಗುತ್ತಿಗೆ ಹಿಡಿಯುವ ಹುಡುಗರು ಸಿಕ್ಕಾಗೆಲ್ಲ ಕೇಳುವುದು ಇದನ್ನೇ. ವಸೂಲಿಯ ಮಾತು ಕೊನೆಯ ಬಿಲ್ಲಿನ ದಿನ ತೆಗೆದರೆ ಆಗಲೇ ತಡವಾಗಿರುತ್ತದೆ. ಕೆಲಸ ಬದಲಾದ ದಿನವೇ ಚೇಂಜ್ ಆರ್ಡರ್, ಅಂದರೆ ಬದಲಾದ ಕೆಲಸಕ್ಕೆ ಒಪ್ಪಿಗೆಯ ಕಾಗದ, ಬರೆದು ಮಾಲೀಕರ ಸಹಿ ಹಾಕಿಸಿಕೊಳ್ಳಬೇಕು.

ನಮ್ಮ ಕಡೆ ತಕರಾರು ಹುಟ್ಟುವುದೇ ಪಾಯಾದಲ್ಲಿ. ಎರಿಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. 5 ಅಡಿಗೆ ಗಟ್ಟಿ ನೆಲ ಸಿಕ್ಕೀತೆಂದು ದರ ಒಪ್ಪಿರುತ್ತೇವೆ. ಅಗೆದರೆ ಅಲ್ಲೂ ಎರಿಯೇ. ಎಂಜಿನಿಯರು 7 ಅಡಿಗೆ ಇಳಿಸಿ ಅನ್ನುತ್ತಾರೆ. 180 ಅಡಿ ಉದ್ದ, 3 ಅಡಿ ಅಗಲದ ಪಾಯಾಕ್ಕೆ 2 ಅಡಿ ಕೂಡಿದರೆ 1,080 ಘನ ಅಡಿ, ಹತ್ತು ಬ್ರಾಸಿಗೂ (ಒಂದು ಬ್ರಾಸ್ ಎಂದರೆ 100 ಘನ ಅಡಿ) ಮಿಕ್ಕಿದ ಅಗೆತ. ಅಷ್ಟನ್ನೂ ಮತ್ತೆ ತುಂಬಬೇಕು. “ನೀವು ಮಾಡ್ರಿ, ಆಮ್ಯಾಲೆ ನೋಡೂಣು” ಎಂಬ ಮಾತು ಮಾಲೀಕರಿಂದ ಬರುವುದು ಆಗಲೇ. ಪಾಯಾ ಮುಚ್ಚಿದ ಮೇಲೆ ನೋಡುವುದಾದರೂ ಏನನ್ನು? ಟೇಪು ಇಳಿಬಿಟ್ಟು ಫೋಟೋ ತೆಗೆಯಿರಿ, ಮಾಲೀಕರ ಎದುರೇ ಅಳೆಯಿರಿ.

ಕಾಗದ ಒಂದೇ ಹಾಳೆ ಸಾಕು. ಮೊದಲು ಒಪ್ಪಿದ್ದೇನು, ಈಗ ಬದಲಾದದ್ದೇನು, ಯಾಕೆ, ಅಳತೆ, ದರ, ಜಿಎಸ್‌ಟಿ ಸೇರಿದೆಯೋ ಇಲ್ಲವೋ, ಹಣ ಯಾವ ಕಂತಿನಲ್ಲಿ. ಬಹಳ ಜನ ಮರೆಯುವುದು ದಿನಗಳನ್ನು: ಕೆಲಸ ಹೆಚ್ಚಿದರೆ ಗಡುವೂ ಮುಂದೆ ಹೋಗಬೇಕು, ಇಲ್ಲವಾದರೆ ತಡವಾಯಿತೆಂದು ನಿಮ್ಮ ಬಿಲ್ಲಿಗೇ ಕತ್ತರಿ. ಕೆಲಸ ಕಡಿಮೆಯಾದಾಗಲೂ ಇದೇ ಹಾಳೆ ಬರೆದು ಹಣ ಇಳಿಸಿ. ಒಮ್ಮೆ ಹಾಗೆ ಮಾಡಿದರೆ ಮುಂದಿನ ಸಹಿಗೆ ಯಾರೂ ಮುಖ ಸಿಂಡರಿಸುವುದಿಲ್ಲ.

ವಾಟ್ಸಾಪ್ ನಡೆಯುತ್ತದೆಯೇ? 2000ದ ಐಟಿ ಕಾಯ್ದೆಯ ಕಲಂ 10ಎ ಪ್ರಕಾರ, ಎಲೆಕ್ಟ್ರಾನಿಕ್ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಒಪ್ಪಂದ ಬಿದ್ದುಹೋಗುವುದಿಲ್ಲ. ಆದರೆ ಬರೀ ಹೆಬ್ಬೆರಳಿನ ಚಿತ್ರಕ್ಕಿಂತ “ಇಷ್ಟು ಅಳತೆ, ಇಷ್ಟು ದರ, ಒಪ್ಪಿದೆ” ಎಂಬ ಉತ್ತರ ಬರಿಸಿಕೊಳ್ಳಿ. ಏನೂ ಬರೆಯದೇ ಕೆಲಸ ಮುಗಿಸಿದವರಿಗೂ 1872ರ ಕರಾರು ಕಾಯ್ದೆಯ ಕಲಂ 70 ಒಂದು ದಾರಿ: ಪುಕ್ಕಟೆಯೆಂದು ಮಾಡದ ಕೆಲಸದ ಲಾಭ ಪಡೆದವರು ಪರಿಹಾರ ಕೊಡಬೇಕು. ಅದನ್ನು ನಂಬಿ ಪಾಯಾ ತೋಡಬೇಡಿ. ಅಳತೆ, ಬೆಲೆ ಎರಡನ್ನೂ ಕೋರ್ಟಿನಲ್ಲಿ ನೀವೇ ಸಾಬೀತು ಮಾಡಬೇಕು.

ಸಹಿ ಸಿಗದಿದ್ದರೆ ನಾನು ಸಿಟ್ಟು ಮಾಡುವುದಿಲ್ಲ. ಒಪ್ಪಿದ ಕೆಲಸದಲ್ಲಿ ಮಾಡಬಹುದಾದದ್ದನ್ನು ಮುಂದುವರಿಸಿ, ಹೆಚ್ಚಿನದನ್ನು ಅಲ್ಲಿಗೇ ಬಿಟ್ಟು, ಗೌಂಡಿಗಳನ್ನು ಬೇರೆ ಸೈಟಿಗೆ ಕಳಿಸುತ್ತೇನೆ. ಸಾಮಾನ್ಯವಾಗಿ ಸಂಜೆಯೊಳಗೆ ಫೋನ್ ಬರುತ್ತದೆ.