ಸವುಳು ಗದ್ದೆಗೆ ಒಂದು ಗ್ರಾಂ ಪುಡಿ

ಬೇಸಿಗೇಲಿ ಸಿಂಧನೂರು, ಗಂಗಾವತಿ ಕಡೆ ಹೋದ್ರೆ ನೋಡಿ, ಕಪ್ಪು ಮಣ್ಣಿನ ಮೇಲೆ ಯಾರೋ ಸುಣ್ಣದ ಪುಡಿ ಚೆಲ್ಲಿದ ಹಾಗೆ ಉಪ್ಪು ಮೇಲೆದ್ದಿರುತ್ತೆ. ತುಂಗಭದ್ರಾ ಕಾಲುವೆ ನೀರು ಬಂತು, ಭತ್ತ ಬಂತು, ಆದ್ರೆ ನೀರು ಬಸಿದು ಹೋಗೋಕೆ ದಾರಿ ಇಲ್ದೆ ಅಂತರ್ಜಲ ಮೇಲೆ ಬಂತು, ಅದರ ಜೊತೆ ಉಪ್ಪೂ ಬಂತು. ಅಂಥ ಗದ್ದೇಲಿ ನಾಟಿ ಮಾಡಿದ ಪೈರಿನ ಎಲೆ ತುದಿ ಬೆಳ್ಳಗಾಗಿ ಸುರುಳಿ ಸುತ್ತಿಕೊಳ್ಳುತ್ತೆ, ಕಾಲಡಿ ನೀರಿದ್ರೂ ಬೇರಿಗೆ ಎಳ್ಕೊಳ್ಳೋಕಾಗಲ್ಲ, ನೋಡೋಕೆ ನಿಜಕ್ಕೂ ಹೊಟ್ಟೆ ಉರಿಯುತ್ತೆ.

ಇಲ್ಲೇ ಸಸ್ಯ ಬೆಳವಣಿಗೆ ಪ್ರಚೋದಕಗಳ, ಅಂದ್ರೆ ತೀರಾ ಸ್ವಲ್ಪ ಪ್ರಮಾಣದಲ್ಲೇ ಗಿಡದ ಬೆಳವಣಿಗೆ ಬದಲಿಸೋ ವಸ್ತುಗಳ ಮಾತು ಬರೋದು. ನಂಗೆ ಹೆಚ್ಚು ಇಷ್ಟ ಆಗಿರೋದು ಸ್ಯಾಲಿಸಿಲಿಕ್ ಆಸಿಡ್. ಇದು ಗಿಡದೊಳಗೇ ಇರೋ ವಸ್ತು, ಕಷ್ಟ ಬಂದಾಗ ಗಿಡ ತನಗೆ ತಾನೇ ಕೊಟ್ಕೊಳ್ಳೋ ಎಚ್ಚರಿಕೆ ಇದ್ದ ಹಾಗೆ. ಹೊರಗಿಂದ ಸ್ವಲ್ಪ ಕೊಟ್ರೆ ಉಪ್ಪಿನಿಂದ ಜೀವಕೋಶಕ್ಕಾಗೋ ಹಾನಿ ತಡೆಯೋ ಕಿಣ್ವಗಳು ಚುರುಕಾಗ್ತವೆ, ಪ್ರೋಲೀನ್ ಅನ್ನೋ ಅಮೈನೋ ಆಮ್ಲ ಗಿಡದಲ್ಲಿ ಕೂಡಿಕೊಂಡು ನೀರು ಹಿಡಿದಿಟ್ಕೊಳ್ಳೋಕೆ ನೆರವಾಗುತ್ತೆ, ಸೋಡಿಯಂ ನುಗ್ಗೋದು ಕಮ್ಮಿಯಾಗಿ ಪೊಟ್ಯಾಶಿಯಂ ಉಳಿಯುತ್ತೆ. ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸೋದು 100 ಪಿಪಿಎಂ (ಹತ್ತು ಲಕ್ಷ ಪಾಲಿಗೆ ನೂರು ಪಾಲು) ಆಸುಪಾಸು, ಅಂದ್ರೆ 10 ಲೀಟರ್ ನೀರಿಗೆ ಬರೀ 1 ಗ್ರಾಂ, ತಣ್ಣೀರಲ್ಲಿ ಸರಿಯಾಗಿ ಕರಗಲ್ಲ, ಮೊದ್ಲು ಸ್ವಲ್ಪ ಆಲ್ಕೋಹಾಲಲ್ಲಿ ಕರಗಿಸ್ಕೊಂಡು ಆಮೇಲೆ ನೀರಿಗೆ ಸೇರಿಸ್ಬೇಕು. ಅದರಲ್ಲಿ ಬೀಜ ನೆನೆಸಿ ನೆರಳಲ್ಲಿ ಒಣಗಿಸಿ ಬಿತ್ತಬಹುದು. ಜಾಸ್ತಿ ಹಾಕಿದ್ರೆ ಮೊಳಕೆನೇ ಕುಂಠಿತ ಆಗುತ್ತೆ, ಅಂದಾಜಲ್ಲಿ ಚಮಚ ಹಾಕ್ಬೇಡಿ ದಯವಿಟ್ಟು. ಜಿಬ್ಬರೆಲಿಕ್ ಆಸಿಡ್ ಅನ್ನೋ ಇನ್ನೊಂದು ಪ್ರಚೋದಕ ಕೂಡ ಮೊಳಕೆಗೆ ಸಹಾಯ ಮಾಡುತ್ತೆ, ಆದ್ರೆ ಪೈರು ಉದ್ದುದ್ದ ಬೆಳೆದು ಬಾಗೋ ಭಯ ಇದೆ.

ಆದ್ರೆ ಇದ್ಯಾವುದೂ ಮಣ್ಣಲ್ಲಿರೋ ಉಪ್ಪು ತೆಗೆಯಲ್ಲ. ಬಸಿಗಾಲುವೆ ಬೇಕೇ ಬೇಕು, ಕ್ಷಾರ ಇದ್ರೆ ಜಿಪ್ಸಂ ಬೇಕು, ಬಿತ್ತೋಕೆ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ.