ನೀಲಗಿರಿ ಎಣ್ಣೆ ಬಟ್ಟಿ ಇಳಿಸುವಲ್ಲಿ ಒಂದು ಮಧ್ಯಾಹ್ನ

ಊಟಿಗೆ ಹೋದವರು ವಾಪಸ್ ಬರುವಾಗ ತರುವ ಸಾಮಾನು ಹೆಚ್ಚುಕಮ್ಮಿ ಒಂದೇ. ವರ್ಕಿ, ಚಾಕೊಲೇಟು, ಟೀ ಪುಡಿ, ಜೊತೆಗೆ ಒಂದು ಬಾಟಲಿ ನೀಲಗಿರಿ ಎಣ್ಣೆ. ವರ್ಕಿ ಎರಡು ದಿನ ಉಳಿದರೆ ಹೆಚ್ಚು. ಎಣ್ಣೆ ಮಾತ್ರ ವರ್ಷಗಟ್ಟಲೆ ಕಪಾಟಿನಲ್ಲಿರುತ್ತದೆ. ನೆಗಡಿಗೂ ಅದೇ, ಮಂಡಿ ನೋವಿಗೂ ಅದೇ, ನೆಲ ಒರೆಸುವ ನೀರಿಗೂ ಅದೇ. ನಮ್ಮ ಮನೆಯಲ್ಲೂ ಹಾಗೇ. ಆದರೆ ಅದನ್ನು ಹೇಗೆ ತೆಗೆಯುತ್ತಾರೆ ಅಂತ ನಮ್ಮಲ್ಲಿ ಯಾರೂ ನೋಡಿರಲಿಲ್ಲ.

ಹೋದ ವರ್ಷ ನೋಡಿದೆವು. ಗುಂಡ್ಲುಪೇಟೆ, ಬಂಡೀಪುರ ದಾಟಿ ಗೂಡಲೂರಿನ ಮೇಲೆ ಹೋಗುತ್ತಿದ್ದೆವು. ಊಟಿ ಇನ್ನೂ ಸ್ವಲ್ಪ ದೂರ ಇರುವಾಗ ನೀಲಗಿರಿ ತೋಪಿನ ನಡುವಿನಿಂದ ಹೊಗೆ ಏಳುತ್ತಿತ್ತು. ಅಣ್ಣ ಕಾರು ನಿಲ್ಲಿಸಿದ. ಬಾಗಿಲು ತೆಗೆದ ಕೂಡಲೇ ಘಾಟು ಮೂಗಿಗೆ ಬಡಿಯಿತು. ನಾಲ್ಕು ಕಂಬದ ಮೇಲೆ ತಗಡಿನ ಮಾಡು. ಕೆಳಗೆ ದೊಡ್ಡ ಒಲೆ, ಒಲೆಯ ಮೇಲೆ ಆಳೆತ್ತರದ ತಾಮ್ರದ ಹಂಡೆ.

ಅಲ್ಲಿದ್ದ ಅಜ್ಜ ಈ ಬೆಟ್ಟದ ಬಡಗ ಜನಾಂಗದವರು. ಹುಡುಗನಾಗಿದ್ದಾಗ ಕೆಲವು ವರ್ಷ ಮೈಸೂರಿನಲ್ಲಿ ಕೆಲಸ ಮಾಡಿದ್ದರಂತೆ, ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ‘ಬನ್ನಿ, ಬಿಸಿ ಇದೆ, ದೂರ ನಿಂತು ನೋಡಿ’ ಅಂದರು.

ಹಂಡೆಗೆ ಎಲೆ ತುಂಬುವುದೇ ಒಂದು ಕೆಲಸ. ಇಬ್ಬರು ಹಂಡೆಯೊಳಗೆ ಇಳಿದು ಎಲೆಯನ್ನು ಕಾಲಲ್ಲಿ ತುಳಿದು ಒತ್ತುತ್ತಾರೆ. ಆಮೇಲೆ ನೀರು ಹಾಕಿ, ಮುಚ್ಚಳ ಕೂರಿಸಿ, ಸಂದಿಗೆಲ್ಲ ಜೇಡಿಮಣ್ಣು ಮೆತ್ತುತ್ತಾರೆ. ಒಲೆಗೆ ಹಾಕುವುದು ಬೇರೆ ಸೌದೆಯಲ್ಲ. ಹಿಂದಿನ ಸಲ ಬೇಯಿಸಿದ ಎಲೆಯನ್ನೇ ಒಣಗಿಸಿ ಉರಿಸುತ್ತಾರೆ. ಮುಚ್ಚಳದಿಂದ ಹೊರಟ ಪೈಪು ತಣ್ಣೀರಿನ ತೊಟ್ಟಿಯ ಒಳಗೆ ಹಾದು ಹೋಗುತ್ತದೆ. ಅಲ್ಲಿ ಹಬೆ ತಣಿದು, ಆಚೆ ತುದಿಯಲ್ಲಿಟ್ಟ ಪಾತ್ರೆಗೆ ನೀರೂ ಎಣ್ಣೆಯೂ ಒಟ್ಟಿಗೆ ಬೀಳುತ್ತವೆ. ಎಣ್ಣೆ ಹಗುರ, ಮೇಲೆ ತೇಲುತ್ತದೆ.

ಇದರಲ್ಲಿ ಒಂದು ಚಂದದ ಲೆಕ್ಕ ಇದೆ. ನೀಲಗಿರಿ ಎಣ್ಣೆಯಲ್ಲಿ ಮುಖ್ಯವಾಗಿ ಇರುವುದು ಸಿನಿಯೋಲ್. ಅದನ್ನು ಒಂದನ್ನೇ ಕುದಿಸಬೇಕಾದರೆ ಸುಮಾರು 176 ಡಿಗ್ರಿ ಬಿಸಿ ಬೇಕು. ನೀರಿನ ಹಬೆ ಜೊತೆಗಿದ್ದರೆ 100 ಡಿಗ್ರಿಯೊಳಗೇ ಹೊರಟು ಬರುತ್ತದೆ. ಮೈಸೂರಿನಲ್ಲಿ 1916ರಲ್ಲಿ ಶುರುವಾದ ಗಂಧದೆಣ್ಣೆ ಕಾರ್ಖಾನೆಯಲ್ಲೂ ನಂಬಿದ್ದು ಇದೇ ಹಬೆಯನ್ನು. ಅಲ್ಲಿ ಮರದ ಚೇಗು, ಇಲ್ಲಿ ಎಲೆ, ಅಷ್ಟೇ. ಅಂದಹಾಗೆ ಈ ಮರ ಇಲ್ಲಿನದಲ್ಲ, ಆಸ್ಟ್ರೇಲಿಯಾದ್ದು. ಬ್ರಿಟಿಷರು 1843ರ ಹೊತ್ತಿಗೆ ಈ ಬೆಟ್ಟಕ್ಕೆ ತಂದರು. ಆಮೇಲೆ ಇಲ್ಲಿನ ಚಳಿಗೆ ಬೇಕಾದ ಸೌದೆಗೆಂದೇ ಗುಡ್ಡಗುಡ್ಡವೇ ನೆಟ್ಟರು.

‘ಇಷ್ಟು ಎಲೆಗೆ ಎಷ್ಟು ಎಣ್ಣೆ ಬರುತ್ತೆ ಅಜ್ಜ?’ ಅಂತ ಅಣ್ಣ ಕೇಳಿದ.

‘ನೂರು ಕೆಜಿ ಎಲೆ ಹಾಕಿದ್ರೆ ಒಂದು ಕೆಜಿ. ಒಂದೊಂದ್ಸಲ ಅದೂ ಇಲ್ಲ.’

ನಾನು ಪಕ್ಕದಲ್ಲಿದ್ದ ಎಲೆ ರಾಶಿ ನೋಡಿದೆ. ಅಂದರೆ ನಾವು ಕೊಳ್ಳುವ 50 ಮಿಲಿ ಬಾಟಲಿಯಲ್ಲಿ ನಾಲ್ಕೈದು ಕೆಜಿ ಎಲೆ ಇದೆ! ಮನೆಯಲ್ಲಿ ಯಾರಾದರೂ ಅಷ್ಟು ಎಲೆ ಅರೆದು ಮಗುವಿಗೆ ಹಚ್ಚುತ್ತಾರಾ? ಎಣ್ಣೆಯಾದಾಗ ಮಾತ್ರ ‘ಏನಾಗಲ್ಲ, ಗಿಡಮೂಲಿಕೆ ಅಲ್ವಾ’ ಅನ್ನುತ್ತೇವೆ.

ಮಗುವಿನ ಮಾತು ಬಂದದ್ದೂ ಆಗಲೇ. ಅಣ್ಣನ ಮಗಳಿಗೆ ಆಗ ಎಂಟು ತಿಂಗಳು. ದಾರಿಯುದ್ದಕ್ಕೂ ಮೂಗು ಸುರಿಯುತ್ತಿತ್ತು. ಅತ್ತಿಗೆ ಅಲ್ಲೇ ಒಂದು ಬಾಟಲಿ ತೆಗೆದುಕೊಂಡು, ‘ಕುಲಾವಿಗೆ ಎರಡು ಹನಿ ಹಾಕಿದ್ರೆ ಮೂಗು ಬಿಡುತ್ತೆ’ ಅನ್ನುತ್ತಾ ಮುಚ್ಚಳ ತಿರುಗಿಸಲು ಹೋದರು. ಅಜ್ಜ ಒಲೆ ಬಿಟ್ಟು ಎದ್ದು ಬಂದರು. ‘ಬೇಡಮ್ಮಾ. ಇಷ್ಟು ಸಣ್ಣ ಕೂಸಿಗೆ ಬೇಡ. ನಮ್ಮ ಮನೇಲಿ ಕೂಸು ಇದ್ದಾಗ ನಾನು ಈ ಅಂಗಿ ಬಿಚ್ಚಿ ಸ್ನಾನ ಮಾಡಿದ ಮೇಲೇ ಎತ್ಕೊಳ್ತಿದ್ದೆ.’

ಎಣ್ಣೆ ಮಾರಿ ಬದುಕುವವರೇ ಬೇಡ ಅಂದರೆ ಕೇಳಲೇಬೇಕಲ್ಲ. ಅತ್ತಿಗೆಗೆ ಸ್ವಲ್ಪ ಮುಜುಗರವಾಯಿತು. ಬಾಟಲಿ ಕಾರಿನ ಡಿಕ್ಕಿ ಸೇರಿತು.

ಊರಿಗೆ ಬಂದು ಮಗುವಿನ ಡಾಕ್ಟರನ್ನು ಕೇಳಿದಾಗ ಅವರು ಅಜ್ಜನ ಮಾತಿಗೆ ಕಾರಣ ಕೊಟ್ಟರು. ನೀಲಗಿರಿ, ಕರ್ಪೂರ, ಪುದೀನಾ ಎಣ್ಣೆಯ ಘಾಟು ಸಣ್ಣ ಮಗುವಿನ ಮೂಗಿನ ಹತ್ತಿರ ಹೋದರೆ ಗಂಟಲು ಬಿಗಿದು ಉಸಿರಿಗೇ ತೊಂದರೆ ಆಗಬಹುದು. ಎರಡು ವರ್ಷದೊಳಗಿನವರ ಮುಖ, ಮೂಗಿನ ಹತ್ತಿರ ತರಲೇಬಾರದು. ಹೊಟ್ಟೆಗೆ ಹೋದರಂತೂ ಇನ್ನೂ ಕಷ್ಟ. ಒಂದು ಟೀ ಚಮಚದಷ್ಟು ಸಾಕು, ಮಗು ಮಂಕಾಗಿ ಪ್ರಜ್ಞೆ ತಪ್ಪಬಹುದು, ಫಿಟ್ಸ್ ಬರಬಹುದು. ಆಗ ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬಾರದು, ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಟಲಿ ಸಮೇತ ನೇರ ಆಸ್ಪತ್ರೆಗೆ ಓಡಬೇಕು. ದೇವರ ಮನೆಯ ಕರ್ಪೂರದ ಡಬ್ಬಿಯ ಬಗ್ಗೆಯೂ ಅವರು ಕೇಳಿದರು. ಕಲ್ಲುಸಕ್ಕರೆ ಅಂದುಕೊಂಡು ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತವೆ. ನಮ್ಮ ಡಬ್ಬಿ ಮಗುವಿನ ಕೈಗೆ ಸಿಗುವಷ್ಟು ಕೆಳಗೇ ಇತ್ತು.

ದೊಡ್ಡವರಿಗೂ ಎಲ್ಲರಿಗೂ ಆಗುವುದಿಲ್ಲ. ಫಿಟ್ಸ್ ಇರುವವರು ನೀಲಗಿರಿ, ಕರ್ಪೂರದಿಂದ ದೂರ ಇರಬೇಕು. ಕೆಲವರಿಗೆ ಘಾಟಿನಿಂದಲೇ ಉಬ್ಬಸ ಜೋರಾಗುತ್ತದೆ. ಮನೆಯಲ್ಲಿ ಬೆಕ್ಕು ಇದ್ದರೆ ಎಣ್ಣೆಯ ಘಮ ಹರಡುವ ಡಿಫ್ಯೂಸರ್ ಹಚ್ಚುವ ಮೊದಲು ಯೋಚಿಸಿ, ಇಂಥ ಎಣ್ಣೆಗಳನ್ನು ಅರಗಿಸಿಕೊಳ್ಳುವ ಶಕ್ತಿ ಬೆಕ್ಕಿಗೆ ಕಡಿಮೆ.

ಹಾಗಂತ ನಾನು ಎಣ್ಣೆಯ ವೈರಿಯಲ್ಲ. ಹಲ್ಲು ನೋವಿಗೆ ಲವಂಗದೆಣ್ಣೆ ಸುಮ್ನೆ ನಂಬಿಕೆಯಲ್ಲ. ಅದರಲ್ಲಿರುವ ಯೂಜಿನಾಲ್ ನಿಜಕ್ಕೂ ಮರಗಟ್ಟಿಸುತ್ತದೆ, ಹಲ್ಲಿನ ಡಾಕ್ಟರುಗಳೂ ಅದನ್ನು ಬಳಸುತ್ತಾರೆ. ನೀಲಗಿರಿ ಹಾಕಿ ಹಬೆ ತೆಗೆದುಕೊಂಡರೆ ನೆಗಡಿ ವಾಸಿಯಾಗುವುದಿಲ್ಲ, ಆದರೆ ಉಸಿರಾಟ ಹಗುರವಾದಂತೆ ಅನ್ನಿಸುತ್ತದೆ. ರಾತ್ರಿ ನಿದ್ದೆ ಬರೋಕೆ ಅಷ್ಟು ಸಾಕು. ಬೋಗುಣಿ ಮಗುಚಿ ಮೈ ಸುಟ್ಟುಕೊಳ್ಳಬಾರದು ಅಷ್ಟೇ. ನನಗೆ ರೇಗುವುದು ‘ನೀರಿಗೆ ಎರಡು ಹನಿ ಹಾಕಿ ಕುಡಿಯಿರಿ’ ಅಂತ ವಿಡಿಯೊ ಮಾಡುವವರ ಮೇಲೆ. ಒಲೆ ಮುಂದೆ ಬೆವರು ಸುರಿಸಿ ಎಣ್ಣೆ ತೆಗೆಯುವ ಅಜ್ಜನೇ ಕುಡಿಯುವುದಿಲ್ಲ.

ಮಗುವಿಗೆ ಡಾಕ್ಟರು ಕೊಟ್ಟದ್ದು ಬರೀ ಉಪ್ಪುನೀರಿನ ಮೂಗಿನ ಡ್ರಾಪ್ಸ್. ಕೆಲವು ದಿನದಲ್ಲಿ ನೆಗಡಿ ತಾನಾಗಿ ಹೋಯಿತು.

ಡಿಕ್ಕಿಯಲ್ಲಿದ್ದ ಬಾಟಲಿ ಈಗ ಅಮ್ಮನ ಪಾಲಿಗೆ ಬಂದಿದೆ. ಮೊದಲೆಲ್ಲ ಹಾಗೇ ಕೈಗೆ ಸುರಿದು ಮಂಡಿಗೆ ತಿಕ್ಕುತ್ತಿದ್ದರು, ಚರ್ಮ ಕೆಂಪಾಗಿ ಉರಿಯುತ್ತಿತ್ತು. ಉರಿದರೇನೇ ಕೆಲಸ ಮಾಡುತ್ತಿದೆ ಅಂತ ಅವರ ವಾದ. ಈಗ 10 ಮಿಲಿ ಕೊಬ್ಬರಿ ಎಣ್ಣೆಗೆ ನಾಲ್ಕು ಹನಿ ಮಾತ್ರ, ಅದೂ ನಾನೇ ಬೆರೆಸಿ ಕೊಡುತ್ತೇನೆ. ರಾತ್ರಿ ಅಣ್ಣನೋ ನಾನೋ ಕೂತು ಮಂಡಿ ನೀವುತ್ತೇವೆ. ನೋವು ಎಷ್ಟೋ ಕಡಿಮೆ ಅನ್ನುತ್ತಾರೆ ಅಮ್ಮ. ಎಣ್ಣೆಯಿಂದಲೋ, ನೀವಿದ್ದರಿಂದಲೋ, ನನಗಂತೂ ಅನುಮಾನ. ಅಮ್ಮನಿಗಿಲ್ಲ. ಮುಂದಿನ ಸಲ ಊಟಿಗೆ ಹೋದಾಗ ದೊಡ್ಡ ಬಾಟಲಿಯನ್ನೇ ತರಬೇಕಂತೆ.